ಪಿಳ್ಳಪ್ಪನ ಕುಂಟೆಯಲ್ಲಿ ಊರು ಮಿಂದ ದಿನ

ಅಥವಾ ಕುಂಟೆಯಲ್ಲಿ ಅಷ್ಟು ನೀರು ಇರಲೇ ಇಲ್ಲವೇನೋ. ಸೊಂಟದ ಮಟ್ಟಕ್ಕಿತ್ತು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಯಾರ ಸೊಂಟ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಈಗ ಕಣ್ಣು ಮುಚ್ಚಿದರೆ ಹೆಂಗಸರು ನೀರಿನಲ್ಲಿ ಕೂತು ತಲೆ ಉಜ್ಜಿಕೊಳ್ಳುತ್ತಿರುವುದು ಕಾಣುತ್ತದೆ. ಕೂತಿದ್ದರೆಂದರೆ ನೀರು ಮೊಣಕಾಲುದ್ದವೇ ಇದ್ದಿರಬೇಕು. ಮೊಣಕಾಲುದ್ದ ನೀರಿನಲ್ಲಿ ಅಷ್ಟು ದೊಡ್ಡ ಮೀನುಗಳು ಅಷ್ಟು ದಿನ ಹೇಗೆ ಬದುಕಿದ್ದವು? ಹಾಗಾದರೆ ನನಗೆ ಕಾಣುತ್ತಿರುವುದು ಬೇರೆ ಯಾವುದೋ ಕುಂಟೆ, ಬೇರೆ ಹೆಂಗಸರು. ನೆನಪು ಎಲ್ಲಿಂದಲೋ ತಂದು ಇಲ್ಲಿ ಇಳಿಸಿದೆ.

ಇದನ್ನೆಲ್ಲ ಕೆದಕಿದ್ದು ಒಂದು ವಾಸನೆ. ಕಳೆದ ತಿಂಗಳು ಮಂಚೇನಹಳ್ಳಿಯಲ್ಲಿ ಗೌರಿಬಿದನೂರಿನ ಬಸ್ಸಿಗೆ ಕಾಯುತ್ತ ಒಂದು ಅಂಗಡಿಯ ನೆರಳಿನಲ್ಲಿ ನಿಂತಿದ್ದೆ. ಅಂಗಡಿಯವನು ಮೂಟೆ ಬಿಚ್ಚಿ ಇಪ್ಪೆ ಹಿಂಡಿಯ ಬಿಲ್ಲೆಗಳನ್ನು ಕಲ್ಲಿನಿಂದ ಒಡೆಯುತ್ತಿದ್ದ. ಇಪ್ಪೆ ಬೀಜದ ಎಣ್ಣೆ ತೆಗೆದ ಮೇಲೆ ಗಾಣದಲ್ಲಿ ಉಳಿಯುವ ಹಿಂಡಿ ಅದು. ಈ ಕಡೆ ತಲೆಗೆ ಎಣ್ಣೆ ಹಚ್ಚಿಕೊಂಡವರು ಸೀಗೆಪುಡಿ ಇಲ್ಲದಿದ್ದರೆ ಇದನ್ನೇ ನೆನೆಸಿ ಉಜ್ಜಿಕೊಳ್ಳುತ್ತಾರೆ. ನೊರೆ ಬರುತ್ತದೆ, ಜಿಡ್ಡು ಹೋಗುತ್ತದೆ, ಕಣ್ಣಿಗೆ ಬಿದ್ದರೆ ಉರಿಯುತ್ತದೆ. ಕಮಟು ಎಣ್ಣೆಯ, ಕಹಿ ಮಣ್ಣಿನ ಆ ವಾಸನೆ ಮೂಗಿಗೆ ಬಿದ್ದದ್ದೇ ನನಗೆ ಮೀನಿನ ಹೊಟ್ಟೆಯ ಬಿಳಿ ಕಂಡಿತು. ಬಸ್ಸು ಬಂದು ಹೋಯಿತು. ನಾನು ಹತ್ತಲಿಲ್ಲ.

ಐವತ್ತಾರರಲ್ಲಿ ನನಗೆ ಚಿಂತಾಮಣಿಗೆ ಹಾಕಿದ್ದರು. ಮೀನು ಇಲಾಖೆಯ ಫೀಲ್ಡ್‌ಮನ್ ಕೆಲಸ. ಇಪ್ಪತ್ತಮೂರು ವರ್ಷ ವಯಸ್ಸು. ಮೀನನ್ನು ಕೆರೆಯಲ್ಲಿ ಹಿಡಿಯುವುದಷ್ಟೇ ಅಲ್ಲ, ರೇಷ್ಮೆ ಹುಳ ಸಾಕಿದಂತೆ, ದನ ಸಾಕಿದಂತೆ ಸಾಕಬಹುದು ಎಂದು ರೈತರಿಗೆ ಹೇಳುವುದು ನನ್ನ ಕೆಲಸ. ಸಾಕಿದ ಮೀನನ್ನು ಆ ತನಕ ನಾನೂ ಕಂಡಿರಲಿಲ್ಲ. ಆದರೆ ಗೊತ್ತಿಲ್ಲ ಎನ್ನುವುದು ನೌಕರಿಗೆ ಅವಮಾನ ಎಂದು ತಿಳಿದಿದ್ದ ಕಾಲ. ಯಾರು ಏನು ಕೇಳಿದರೂ ಉತ್ತರ ಕೊಡುತ್ತಿದ್ದೆ. ಈ ಅಭ್ಯಾಸವನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ.

ಮೀನುಮರಿಗಳನ್ನು ಬೆಂಗಳೂರಿನಿಂದ ಮಡಕೆಗಳಲ್ಲಿ ತುಂಬಿಕೊಂಡು ಚಿಕ್ಕ ರೈಲಿನಲ್ಲಿ ತಂದೆ. ಮರಿಗಳಿಗೆ ಉಸಿರು ಕಟ್ಟದಂತೆ ದಾರಿಯುದ್ದಕ್ಕೂ ನೀರನ್ನು ಅಂಗೈಯಿಂದ ತಟ್ಟುತ್ತಿರಬೇಕು. ಚಿಕ್ಕಬಳ್ಳಾಪುರದಲ್ಲಿ ಹತ್ತಿದ ಒಬ್ಬ ಮುದುಕ ನನ್ನ ಪಕ್ಕ ಕೂತು ಬಹಳ ಹೊತ್ತು ನೋಡಿದ.

"ಏನಪ್ಪಾ ಮಡಕೇನ ಹಂಗೆ ಜೋ ಜೋ ಅಂತ ತಟ್ತಾ ಇದ್ದೀಯ?"

"ಮೀನುಮರಿ, ತಾತ. ಸಾಕೋಕೆ."

"ಮೀನು ಸಾಕ್ತಾರಾ! ನಾಳೆ ಕಪ್ಪೆ ಸಾಕ್ರಪ್ಪಾ ಅಂತೀರ. ತಟ್ಟು ತಟ್ಟು, ನಿದ್ದೆ ಹತ್ತಿದ್ರೆ ಸುಮ್ಕಾಗ್ತವೆ."

ಶಿಡ್ಲಘಟ್ಟದ ನಿಲ್ದಾಣದಲ್ಲಿ ಬೇಯಿಸಿದ ರೇಷ್ಮೆಗೂಡಿನ ವಾಸನೆ ಡಬ್ಬಿಯೊಳಕ್ಕೆ ನುಗ್ಗಿತು. ನೂಲು ತೆಗೆದ ಮೇಲೆ ಉಳಿಯುವ ಹುಳುವಿನ ವಾಸನೆ. ಅದೇ ಹುಳುವನ್ನು ಒಣಗಿಸಿ ಪುಡಿಮಾಡಿ ಮೀನಿಗೆ ಹಾಕಿದರೆ ಚೆನ್ನಾಗಿ ಬೆಳೆಯುತ್ತವೆ ಎಂದು ಇಲಾಖೆಯಲ್ಲಿ ಯಾರೋ ಹೇಳಿದ್ದರು. ಒಂದು ಹುಳುವನ್ನು ಸಾಕಿ, ಅದರ ನೂಲು ತೆಗೆದು, ಉಳಿದದ್ದನ್ನು ಇನ್ನೊಂದು ಪ್ರಾಣಿಗೆ ತಿನ್ನಿಸಿ, ಅದನ್ನು ನಾವು ತಿನ್ನುವುದು. ಈ ಲೆಕ್ಕಾಚಾರ ನನಗೆ ಬಹಳ ಸೊಗಸಾಗಿ ಕಂಡಿತ್ತು.

ಪಿಳ್ಳಪ್ಪನ ಊರು ಅಂಬಾಜಿದುರ್ಗದ ಬೆಟ್ಟದ ಬುಡದಲ್ಲಿ. ಹೆಸರು ಬೇಡ, ಊರಿನವರು ಇನ್ನೂ ಇದ್ದಾರೆ. ಪಿಳ್ಳಪ್ಪನಿಗೆ ಆಗ ನಲವತ್ತರ ಹತ್ತಿರ. ಹಿಪ್ಪುನೇರಳೆ ತೋಟ, ಸ್ವಲ್ಪ ರಾಗಿ ಹೊಲ, ಹೊಲದ ಅಂಚಿನಲ್ಲಿ ಅವನ ಅಜ್ಜ ತೋಡಿಸಿದ ಒಂದು ಕುಂಟೆ. ಬೇಸಗೆಯಲ್ಲಿ ತೋಟಕ್ಕೆ ಆ ಕುಂಟೆಯದೇ ನೀರು. ಮೀನು ಬಿಟ್ಟರೆ ನೀರು ಎತ್ತುವಂತಿಲ್ಲ. ನೀರು ಎತ್ತದಿದ್ದರೆ ಸೊಪ್ಪಿಲ್ಲ. ಸೊಪ್ಪಿಲ್ಲದಿದ್ದರೆ ಹುಳ ಸಾಕುವಂತಿಲ್ಲ. ಸುತ್ತಲಿನ ಹಳ್ಳಿಗಳಲ್ಲಿ ನಾನು ಕೇಳಿದವರೆಲ್ಲ ನಕ್ಕು ಕಳಿಸಿದ್ದರು. ಇವನೊಬ್ಬ ನಗಲಿಲ್ಲ. ಮಡಕೆಯಲ್ಲಿ ಬಗ್ಗಿ ನೋಡಿ, "ಇವು ಕಣ್ಣು ಮುಚ್ಚಲ್ಲವಲ್ಲ ಸಾಮಿ. ಮತ್ತೆ ನಿದ್ದೆ ಹೆಂಗೆ ಮಾಡ್ತವೆ?" ಎಂದ.

"ಅವು ನಿದ್ದೆ ಮಾಡೋದಿಲ್ಲ," ಎಂದೆ.

"ಯಾವತ್ತೂ?"

"ಯಾವತ್ತೂ."

ಅಂದರೆ ಅವನು ಒಪ್ಪಿದ್ದು ಒಂದು ಸುಳ್ಳಿನ ಮೇಲೆ. ಅದು ಸುಳ್ಳೋ ನಿಜವೋ ಎಂದು ಆಗ ನನಗೆ ಗೊತ್ತಿರಲಿಲ್ಲ ಎನ್ನುವುದೇ ಹೆಚ್ಚು ಸರಿ.

ಅವನ ಹೆಂಡತಿ ನಾಗಮ್ಮನಿಗೆ ಇದು ಹಿಡಿಸಲಿಲ್ಲ. "ನೂಲಿನೆಳೆ ಇದ್ದಂಗವೆ, ಇವು ಮೀನಾಗೋದು ಯಾವತ್ತು, ನಾವು ತಿನ್ನೋದು ಯಾವತ್ತು? ತೋಟದ ನೀರೆಲ್ಲ ಕುಡ್ಕೊಂಡು ಅವು ಬೆಳೀಲಿ ಬಿಡಿ, ನಾವು ಒಣಗ್ತೀವಿ," ಎಂದಳು. ಪಿಳ್ಳಪ್ಪ ಕೇಳಿಸಿಕೊಳ್ಳದವನಂತೆ ಮಡಕೆಯನ್ನು ಕುಂಟೆಯ ನೀರಿನಲ್ಲಿ ತೇಲಿಸಿ, ಒಳಗಿನ ನೀರೂ ಹೊರಗಿನ ನೀರೂ ಒಂದೇ ತಂಪಿಗೆ ಬರುವವರೆಗೆ ನಾನು ಹೇಳಿದಂತೆ ಕಾದು, ಮೆಲ್ಲಗೆ ಬಾಯಿ ವಾಲಿಸಿದ.

ಐವತ್ತೇಳರ ಬೇಸಗೆಯ ಹೊತ್ತಿಗೆ ಮೀನುಗಳು ಮೊಣಕೈಯುದ್ದ ಬೆಳೆದಿದ್ದವು. ಕಾಟ್ಲ ಎಂಬ ಜಾತಿ, ದೇಹಕ್ಕಿಂತ ತಲೆ ದೊಡ್ಡದು. "ಅರ್ಧ ತಲೆನೇ ಐತೆ, ನಿಮ್ಮ ಸರ್ಕಾರದಂಗೆ," ಎಂದು ನಾಗಮ್ಮ ಹೇಳಿದರೂ ಬೆಳಿಗ್ಗೆ ತೌಡು ಹಾಕಲು ತಾನೇ ಹೋಗುತ್ತಿದ್ದಳು. ಹುಳುಪುಡಿ ತಂದು ಕೊಡುತ್ತಿದ್ದವರು ಚಿಂತಾಮಣಿಯ ಗಫೂರ್ ಸಾಹೇಬರು. ಅವರು ಮೀನಿನ ವ್ಯಾಪಾರಿ. ಶಿಡ್ಲಘಟ್ಟದಲ್ಲಿ ನೂಲು ತೆಗೆಯುವವರು ಅವರ ಭಾವಮೈದುನರು. ಕುಂಟೆಯ ಮೀನನ್ನೆಲ್ಲ ತಾವೇ ಕೊಳ್ಳುವುದಾಗಿ ಮಾತು ಕೊಟ್ಟಿದ್ದರು. ಮುಂಗಾರಿಗೆ ಮುಂಚೆ, ನೀರು ಕಡಿಮೆಯಾಗಿ ಬಲೆ ಬೀಸಲು ಸುಲಭವಾದಾಗ, ಸಂತೆಯ ಹಿಂದಿನ ದಿನ ಬಲೆಯವರನ್ನು ಕರೆತರುತ್ತೇನೆ ಎಂದಿದ್ದರು. ತೋಟ ಅರ್ಧ ಒಣಗಿತ್ತು. ಆ ವರ್ಷ ಪಿಳ್ಳಪ್ಪನ ಮನೆಯಲ್ಲಿ ಹುಳದ ತಟ್ಟೆಗಳು ಅಟ್ಟದ ಮೇಲೇ ಇದ್ದವು. ಮನೆಯವರ ವರ್ಷವೆಲ್ಲ ಆ ಕುಂಟೆಯಲ್ಲಿ ಈಜಾಡುತ್ತಿತ್ತು.

ಆಗ ಜ್ವರ ಬಂತು.

ಮದ್ರಾಸಿನ ಬಂದರಿಗೆ ಹಡಗಿನಲ್ಲಿ ಬಂತು, ಜಗತ್ತಿನಲ್ಲೆಲ್ಲ ಹಬ್ಬಿದೆ ಎಂದು ಪತ್ರಿಕೆಯಲ್ಲಿ ಓದಿದ್ದು ನೆನಪು. ಊರಿನವರು ಅದನ್ನು ಮದ್ರಾಸು ಜರ ಎಂದರು. ಮೊದಲು ಬಸ್ಸಿನ ಕಂಡಕ್ಟರ್ ಕೆಮ್ಮಿದ. ಆಮೇಲೆ ಬಸ್ಸು ಬರುವುದೇ ನಿಂತಿತು. ಶಾಲೆಗೆ ಬೀಗ ಬಿತ್ತು. ಸಂತೆಗೆ ಹೋದವರು ಖಾಲಿ ಮೈದಾನ ನೋಡಿ ವಾಪಸು ಬಂದರು. ಟೊಮ್ಯಾಟೊ ಬುಟ್ಟಿ ಹೊತ್ತು ಹೋದವನು ಅದನ್ನೇ ಹೊತ್ತು ಬಂದು ದನಕ್ಕೆ ಸುರಿದ. ಬಲೆಯವರೆಲ್ಲ ಮಲಗಿದ್ದಾರೆಂದೂ ಗಫೂರ್ ಸಾಹೇಬರಿಗೂ ಜ್ವರವೆಂದೂ ಸುದ್ದಿ ಬಂತು. ಹಾಲು, ಸೊಪ್ಪು, ಗೂಡು ಎಲ್ಲವೂ ಇದ್ದಲ್ಲೇ ನಿಂತವು. ಜ್ವರ ಜನರನ್ನು ಮೂರು ನಾಲ್ಕು ದಿನ ಮಲಗಿಸಿ ಬಿಡುತ್ತಿತ್ತು. ಆದರೆ ಒಂದು ಮನೆ ಏಳುವಷ್ಟರಲ್ಲಿ ಇನ್ನೊಂದು ಮನೆ ಮಲಗುತ್ತಿತ್ತು.

ಊರಿನ ಮಾರಮ್ಮನ ಕಲ್ಲಿಗೆ ಪೂಜೆ ಮಾಡುತ್ತಿದ್ದದ್ದು ಅಕ್ಕಯ್ಯಮ್ಮ, ಪಿಳ್ಳಪ್ಪನ ಸೋದರತ್ತೆ. ಚಿಕ್ಕವಳಿದ್ದಾಗ ಹಳೆಯ ದೊಡ್ಡ ಜ್ವರವನ್ನು ಕಂಡವಳು. "ಅವಾಗ ಹೊರೋಕೆ ನಾಲ್ಕು ಹೆಗಲು ಸಿಕ್ತಿರ್ಲಿಲ್ಲ ಕಣ್ರೋ. ಇದೇನು ಮಹಾ, ಕೆಮ್ಮು," ಎಂದು ಎಲ್ಲರನ್ನೂ ಬೈಯುತ್ತಿದ್ದಳು. ಆದರೆ ಇಬ್ಬರು ಮುದುಕರು ಹೋದ ಮೇಲೆ ಅವಳೂ ಹಾಗೆನ್ನುವುದನ್ನು ಬಿಟ್ಟಳು.

ಕುಂಟೆಯ ನೀರು ದಿನದಿನಕ್ಕೂ ಇಳಿಯುತ್ತಿತ್ತು. ಅದನ್ನು ಅಳೆಯಲು ಒಂದು ಗಳ ನೆಟ್ಟು ಗೆರೆ ಕೊರೆದಿದ್ದೆ. ಎಷ್ಟು ಗೆರೆ ಇಳಿಯಿತೆಂದು ಪ್ರತಿ ಬೆಳಿಗ್ಗೆ ಬರೆದಿಟ್ಟ ಪುಸ್ತಕ ಈಗಲೂ ನನ್ನ ಹತ್ತಿರ ಇದೆ, ಆದರೆ ಗೆರೆಗೆ ಎಷ್ಟು ಅಳತೆ ಎಂದು ಬರೆದಿಲ್ಲ. ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆದು ಗಾಳಿ ನುಂಗುತ್ತಿದ್ದವು. ಆಗಷ್ಟೇ ಜ್ವರದಿಂದ ಎದ್ದಿದ್ದ ಪಿಳ್ಳಪ್ಪ ಕೋಲಿನಿಂದ ನೀರನ್ನು ಬಡಿದು ಬಡಿದು ಸುಸ್ತಾಗಿ ದಡದಲ್ಲಿ ಕೂರುತ್ತಿದ್ದ. "ಅವಕ್ಕೂ ದಮ್ಮು ಬಂದಂಗೈತೆ ಸಾಮಿ," ಎನ್ನುತ್ತಿದ್ದ. ನೀರು ತಟ್ಟುತ್ತಿದ್ದ ನನ್ನ ರೈಲು ಪ್ರಯಾಣ ಆಗ ನೆನಪಾಗಿತ್ತೇ? ಈಗ ನೆನಪಾಗುತ್ತಿದೆ. ಆಗಲೂ ಆಗಿತ್ತೆಂದು ಬರೆದರೆ ಚೆಂದ, ಆದರೆ ಖಾತ್ರಿಯಿಲ್ಲ.

ಆಮೇಲೆ ಪುಸ್ತಕದಲ್ಲಿ ನಾಲ್ಕು ದಿನ ಖಾಲಿ. ನನಗೆ ಜ್ವರ ಬಂದಿತ್ತು.

ಚಿಂತಾಮಣಿಗೆ ಹೋಗಲು ಬಸ್ಸಿಲ್ಲದೆ ಪಿಳ್ಳಪ್ಪನ ಪಡಸಾಲೆಯಲ್ಲೇ ಮಲಗಿದ್ದೆ. ನಾಗಮ್ಮ ರಾಗಿ ಗಂಜಿ ಕುಡಿಸುತ್ತಿದ್ದಳು. ಆ ನಾಲ್ಕು ದಿನದಲ್ಲಿ ನಡೆದದ್ದನ್ನು ನಾನು ಆಮೇಲೆ ಬೇರೆಯವರಿಂದ ಕೇಳಿ ಜೋಡಿಸಿಕೊಂಡದ್ದು ಹೀಗೆ.

ಆ ಊರಿನಲ್ಲಿ ಒಂದು ಕಟ್ಟು ಇತ್ತು. ಊರಿಗೆ ಹಬ್ಬುವ ಯಾವ ಜ್ವರವೇ ಬರಲಿ, ಎದ್ದವರು ಒಬ್ಬೊಬ್ಬರೇ ತಲೆಗೆ ನೀರು ಹಾಕಿಕೊಳ್ಳುವಂತಿಲ್ಲ. ಒಂದು ಮನೆಯವರು ಮಿಂದರೆ ಅವರ ಜ್ವರ ಪಕ್ಕದ ಮನೆಗೆ ಹೋಗುತ್ತದೆಂಬ ನಂಬಿಕೆ. ಕೊನೆಯ ಮನೆಯವರು ಏಳುವವರೆಗೂ ಎಲ್ಲರೂ ಕಾಯಬೇಕು. ಆಮೇಲೆ ಒಂದೇ ದಿನ, ಒಂದೇ ನೀರಿನಲ್ಲಿ, ಇಡೀ ಊರು ಎಣ್ಣೆ ಹಚ್ಚಿಕೊಂಡು ಮೀಯಬೇಕು. ಇದಕ್ಕೆ ಊರ ನೀರು, ಮಾರಮ್ಮನ ನೀರು ಎನ್ನುತ್ತಿದ್ದರು. ಯಾವಾಗಲೂ ಕೆರೆಯಲ್ಲೇ ಮೀಯುತ್ತಿದ್ದರಂತೆ. ಆ ಬೇಸಗೆ ಕೆರೆ ಒಣಗಿ ಬಿರುಕು ಬಿಟ್ಟಿತ್ತು. ಬಾವಿಗಳ ತಳದಲ್ಲಿ ಕುಡಿಯುವಷ್ಟು ಮಾತ್ರ. ಸುತ್ತಮುತ್ತ ಮೀಯುವಷ್ಟು ನೀರಿದ್ದದ್ದು ಒಂದೇ ಕಡೆ, ತೋಟಕ್ಕೆ ಎತ್ತದೆ ಮೀನಿಗೆಂದು ಪಿಳ್ಳಪ್ಪ ಉಳಿಸಿಕೊಂಡಿದ್ದ ಕುಂಟೆಯಲ್ಲಿ.

ಅಕ್ಕಯ್ಯಮ್ಮ ಬಂದು ಕೇಳಿದಳು. "ಒರೇ ಪಿಳ್ಳಪ್ಪಾ, ಊರು ವಾರದಿಂದ ಗಬ್ಬು ನಾರ್ತಾ ಐತೆ. ಅಮ್ಮನ ನೀರಿಗೆ ಕುಂಟೆ ಕೊಡು."

ಪಿಳ್ಳಪ್ಪ, "ಮೀನವೆ ಅತ್ತೆ," ಎಂದ.

"ಇರ್ಲಿ ಬಿಡು. ಮೀನೇನು ನಾಚ್ಕೊಂತವಾ?"

ಹೊರಗಿದ್ದವರು ನಕ್ಕರು. ನಕ್ಕ ಮೇಲೆ ಇಲ್ಲ ಎನ್ನುವುದು ಇನ್ನೂ ಕಷ್ಟ. ಪಿಳ್ಳಪ್ಪ, "ಒಂದು ಗಳಿಗೆ ಇರಿ," ಎಂದು ಒಳಗೆ, ನಾನು ಮಲಗಿದ್ದ ಪಡಸಾಲೆಗೆ ಬಂದನಂತೆ.

ಇಲ್ಲಿಂದ ಮುಂದೆ ಏನಾಯಿತೆಂದು ನಾನು ಹೇಳಲಾರೆ. ಹೊರಗೆ ಹೋಗಿ ಅವನು, "ಮಾಡ್ಕೊಳ್ಳಿ," ಎಂದದ್ದು ಮಾತ್ರ ಎಲ್ಲರೂ ಹೇಳುತ್ತಾರೆ.

ಊರು ಮಿಂದ ದಿನ ನನಗೆ ಜ್ವರ ಬಿಟ್ಟಿತ್ತು. ಕುಂಟೆಯ ದಡಕ್ಕೆ ಹೋದೆ. ಹಾಗಾಗಿ ನೋಡಿದ್ದನ್ನು ಬರೆಯಬಲ್ಲೆ, ನೀರಿನ ಆಳವೊಂದನ್ನು ಬಿಟ್ಟು. ಬೇವಿನ ಸೊಪ್ಪಿನ ತೋರಣ ಕಟ್ಟಿದ್ದರು. ಗಾಣದವರು ಆಗಷ್ಟೇ ಇಪ್ಪೆ ಬೀಜ ಆಡಿಸಿದ್ದರಿಂದ ಮನೆ ಮನೆಗೂ ಹಿಂಡಿ ಹಂಚಿದ್ದರು. ಒಂದು ಮಗ್ಗುಲಲ್ಲಿ ಗಂಡಸರು, ಸೀರೆ ಮರೆ ಕಟ್ಟಿದ ಇನ್ನೊಂದು ಮಗ್ಗುಲಲ್ಲಿ ಹೆಂಗಸರು. ಎಷ್ಟೋ ದಿನ ಮೀಯದ ಜನ. ಮೈಮೇಲೆ ನೀರು ಬಿದ್ದಾಗ ಕೆಲವರು ಕೂಗಿಕೊಂಡರು. ಒಬ್ಬ ಇನ್ನೊಬ್ಬನ ತಲೆಗೆ ಹಿಂಡಿ ಮೆತ್ತಿ, "ಉಜ್ಜೋ, ನಿನ್ನ ತಲೇಲಿ ಜರ ಅಲ್ಲ, ಹೇನೈತೆ!" ಎಂದ. ಮರೆಯ ಆಚೆಯಿಂದ ನಗು ಕೇಳಿತು. ಒಂದು ತಿಂಗಳಲ್ಲಿ ನಾನು ಆ ಊರಿನಲ್ಲಿ ಕೇಳಿದ ಮೊದಲ ನಗು ಅದು. ಕುಂಟೆಯ ಮೇಲೆಲ್ಲ ಕಂದು ನೊರೆ, ಅಂಚಿಗೆ ಸರಿದು ಬೇವಿನೆಲೆಗೆ ಅಂಟಿಕೊಳ್ಳುತ್ತಿತ್ತು. ನನಗೂ ಯಾರೋ ತಲೆಗೆ ಎರೆದರು. ಕಣ್ಣು ಉರಿಯಿತು. ನಾನೂ ಮಿಂದೆ. ಕುಂಟೆಗೆ ಹೋದ ಹಿಂಡಿಯಲ್ಲಿ ನನ್ನ ತಲೆಯದೂ ಒಂದು ಹಿಡಿ.

ಬಿಸಿಲು ನೆತ್ತಿಗೇರುವ ಹೊತ್ತಿಗೆ ಮೊದಲ ಮೀನು ಕಂಡಿತು. ಅದು ಗಾಳಿ ನುಂಗುತ್ತಿರಲಿಲ್ಲ. ಒಂದೇ ಕಡೆ ಸುತ್ತು ಹಾಕುತ್ತಿತ್ತು, ಹುಚ್ಚು ಹಿಡಿದಂತೆ. ಆಮೇಲೆ ಮಗ್ಗುಲಾಯಿತು. ಆಮೇಲೆ ಹತ್ತು. ಆಮೇಲೆ ನಾನು ಎಣಿಸಲಿಲ್ಲ. ನಾನು ನೋಡಿದ ವಿಚಿತ್ರವೆಂದರೆ ಕಪ್ಪೆಗಳು. ಅವು ದಡದ ನೊರೆಯಲ್ಲೇ ಕೂತು ಎಂದಿನಂತೆ ಗಂಟಲು ಉಬ್ಬಿಸುತ್ತಿದ್ದವು. ಒಂದು ನೀರುಹಾವು ನೊರೆ ಸೀಳಿಕೊಂಡು ನೆಮ್ಮದಿಯಾಗಿ ಹೋಯಿತು. ಮೀನು ಮಾತ್ರ ಯಾಕೆ? ಪಿಳ್ಳಪ್ಪನ ಮುಖ ನೋಡುವ ಮುಂಚೆ ನನಗೆ ಬಂದದ್ದು ಈ ಪ್ರಶ್ನೆ. ಇದನ್ನು ಬರೆಯಲು ಹಿತವಾಗುವುದಿಲ್ಲ, ಆದರೆ ಹಾಗೇ ಆಯಿತು.

ಎಲ್ಲರೂ ಅಕ್ಕಯ್ಯಮ್ಮನ ಕಡೆ ನೋಡಿದರು. ಅವಳು ಒದ್ದೆ ಕೂದಲಿನಲ್ಲೇ ಕೈ ಮುಗಿದಳು. "ಊರಿನ ಜರ ತಗೊಂಡ್ವು ತಾಯೀ," ಎಂದಳು. ಒಂದು ಕ್ಷಣದಲ್ಲಿ ಅದು ಎಲ್ಲರ ಬಾಯಿಗೆ ಬಂತು. ತಲೆಯಿಂದ ಇಳಿದ ಜ್ವರ ನೀರಿಗೆ ಹೋಗಿ, ನೀರಿನಿಂದ ಮೀನಿಗೆ ಹೋಯಿತು. ಹೆಂಗಸರು ಮೀನುಗಳಿಗೆ ಅರಿಸಿನ ಕುಂಕುಮ ಎರಚಿದರು. ಒಬ್ಬಾಕೆ ಅಳುತ್ತಿದ್ದಳು, ಖುಷಿಯಿಂದ.

ಆ ಹೊತ್ತಿಗೇ ಗಫೂರ್ ಸಾಹೇಬರು ಬಂದರು. ಎದ್ದು ಎರಡು ದಿನವಾಗಿತ್ತಂತೆ. ಬಲೆಯವರೂ ಎದ್ದಿದ್ದಾರೆ, ನಾಳೆ ಬರುತ್ತಾರೆ ಎಂದು ಹೇಳಲು ಸೈಕಲ್ ತುಳಿದುಕೊಂಡು ಬಂದಿದ್ದರು. ಮೂರು ಕಡೆ ನಿಂತು ಸುಧಾರಿಸಿಕೊಂಡೆ ಎಂದರು. ಆಮೇಲೆ ಕುಂಟೆ ನೋಡಿದರು. ಸೈಕಲ್ಲನ್ನು ಹಾಗೇ ನೆಲಕ್ಕೆ ಮಲಗಿಸಿ ದಡಕ್ಕಿಳಿದು, ಇನ್ನೂ ಬಾಲ ಆಡಿಸುತ್ತಿದ್ದ ಒಂದು ಮೀನನ್ನು ಎತ್ತಿ ಕಿವಿರು ಬಿಡಿಸಿ ನೋಡಿ ಮೂಸಿದರು.

"ಮಾಲು ಚೆನ್ನಾಗೈತೆ ಪಿಳ್ಳಪ್ಪಾ. ಈಗ್ಲೇ ಗಾಡಿ ಕಟ್ಟಿಸಿದ್ರೆ ಸಂಜೆಗೆ ಚಿಂತಾಮಣಿ ಸೇರಿಸ್ಬೋದು. ಆದ್ರೆ ಒಂದು ಮಾತು ಹೇಳ್ಬೇಕು ನೀವು. ಏನಾಯ್ತು ಇವಕ್ಕೆ?"

"ಜರ ಸಾಬ್ರೇ," ಎಂದರು ಯಾರೋ.

ಸಾಹೇಬರು ಮೀನನ್ನು ಕೆಳಗಿಟ್ಟರು. "ಜರದ ಮೀನು ಯಾರು ತಿಂತಾರೆ, ಹೇಳಿ? ಇನ್ನೊಂದೈತೆ. ನಮ್ಮಲ್ಲಿ, ತನ್ನಷ್ಟಕ್ಕೆ ತಾನೇ ಸತ್ತು ತೇಲಿದ ಮೀನು ತಿನ್ನಲ್ಲ. ಏನೋ ಬಿದ್ದು ಸತ್ತಿತು, ಯಾರೋ ಏನೋ ಹಾಕಿ ಸತ್ತಿತು ಅಂತ ಕಾರಣ ಗೊತ್ತಾದ್ರೆ ಅದು ಬೇರೆ ಮಾತು. ನಾನು ತಗೊಂತೀನಿ, ಜವಾಬ್ದಾರಿ ನನ್ದು. ಕಾರಣ ಹೇಳಿ ಅಷ್ಟೆ." ನನ್ನ ಕಡೆ ತಿರುಗಿದರು. "ನೀವು ಸರ್ಕಾರದೋರು. ಹೇಳಿ ಸಾಬ್."

ಊರಿಗೆ ಊರೇ ನನ್ನ ಮುಖ ನೋಡಿತು. ಪಿಳ್ಳಪ್ಪ ನೋಡಲಿಲ್ಲ. ಅವನು ತನ್ನ ಪಾದ ನೋಡುತ್ತಿದ್ದ. ಯಾವ ಪ್ರಶ್ನೆಗೂ ಉತ್ತರ ಕೊಡುತ್ತಿದ್ದ ನಾನು ಅಂದು, "ಪರೀಕ್ಷೆ ಮಾಡಿ ನೋಡಬೇಕಾಗುತ್ತದೆ," ಎಂದೆ.

"ಪರೀಕ್ಷೆ ಆಗೋತನಕ ಮೀನು ಕಾಯ್ತದಾ ಸಾಬ್?"

ಅವರು ಸೈಕಲ್ ಎತ್ತಿಕೊಂಡರು. ಹೋಗುವಾಗ ಪಿಳ್ಳಪ್ಪನ ಭುಜದ ಮೇಲೆ ಕೈಯಿಟ್ಟು ಏನೋ ಹೇಳಿದರು. ನನಗೆ ಕೇಳಿಸಲಿಲ್ಲ.

ಮೀನುಗಳನ್ನು ಪಿಳ್ಳಪ್ಪನ ಹಿಪ್ಪುನೇರಳೆ ತೋಟದಲ್ಲಿ, ಸಾಲು ಸಾಲಿನ ನಡುವೆ ಗುಂಡಿ ತೋಡಿ ಹೂತರು. ಪ್ರತಿ ಮನೆಯಿಂದ ಒಬ್ಬೊಬ್ಬರು ಗುದ್ದಲಿ ಹಿಡಿದು ಬಂದಿದ್ದರು. ಊರಿನ ಜ್ವರವನ್ನು ಅವನ ಮೀನು ಹೊತ್ತುಕೊಂಡಿತು, ಆದ್ದರಿಂದ ಆ ವರ್ಷವೆಲ್ಲ ಅವನ ತೋಟಕ್ಕೆ ಊರು ಮುಯ್ಯಾಳು ಕೊಡಬೇಕು, ಅವನು ತಿರುಗಿಸಿ ಕೊಡಬೇಕಾಗಿಲ್ಲ ಎಂದು ಅಕ್ಕಯ್ಯಮ್ಮ ತೀರ್ಮಾನಿಸಿದಳು. ಅದು ದಯೆಯೋ ನ್ಯಾಯವೋ ನನಗೆ ಅಂದು ಅರ್ಥವಾಗಲಿಲ್ಲ. ನಾಗಮ್ಮ ಗುಂಡಿಗಳ ಹತ್ತಿರ ಬರಲಿಲ್ಲ.

ಎರಡು ದಿನದ ಮೇಲೆ ಪರೀಕ್ಷೆಯನ್ನೂ ಮಾಡಿದೆ, ಹೇಳಿದ ಮಾತಿಗಾದರೂ. ಎರಡು ಮಡಕೆಗೆ ಬಾವಿಯ ನೀರು ತುಂಬಿ, ಬಾವಿಯಲ್ಲೇ ಹಿಡಿದ ಸಣ್ಣ ಮೀನುಗಳನ್ನು ಬಿಟ್ಟೆ. ಒಂದಕ್ಕೆ ಒಂದು ಹಿಡಿ ಇಪ್ಪೆ ಹಿಂಡಿ ಕಲಸಿದೆ. ಅದರಲ್ಲಿನವು ಊಟ ಮುಗಿಸಿ ಬರುವಷ್ಟರಲ್ಲಿ ಸುತ್ತು ಹಾಕಿ ಮಗ್ಗುಲಾಗಿದ್ದವು. ಇನ್ನೊಂದರಲ್ಲಿನವು ಮೂರು ದಿನ ಆಡಿಕೊಂಡಿದ್ದವು. ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಕಾರಣ ಸಿಕ್ಕಿತ್ತು! ಸತ್ತ ಮೀನಿದ್ದ ಮಡಕೆಯನ್ನು ಹೊತ್ತುಕೊಂಡು ಓಡಿ ಹೋಗಿ ಪಿಳ್ಳಪ್ಪನ ಮುಂದೆ ಇಟ್ಟೆ. ಅವನು ಬಗ್ಗಿ ನೋಡಿದ. ಮೊದಲ ದಿನ ಮರಿಗಳನ್ನು ನೋಡಿದಂತೆಯೇ.

"ಗೊತ್ತು ಸಾಮಿ. ನಮ್ಮಜ್ಜ ಹಳ್ಳದ ಮಡುಗೆ ಇಪ್ಪೆ ಹಿಂಡಿ ಹಾಕೇ ಮೀನು ಹಿಡೀತಿದ್ದ. ತೇಲಿದ್ದನ್ನ ಆಯ್ಕೊಂಡು ಬರೋದು, ಅಷ್ಟೆ."

"ಮತ್ತೆ ಅವತ್ತು ಸಾಹೇಬರ ಮುಂದೆ ಯಾಕೆ ಹೇಳಲಿಲ್ಲ?"

"ಹೆಂಗೆ ಹೇಳ್ಲಿ? ಆಗತಾನೇ ಎಲ್ರೂ ನಕ್ಕಿದ್ರು. ನೀವೆಲ್ಲ ನನ್ನ ಮೀನು ಕೊಂದ್ರಿ ಅಂತ ಹೇಳ್ಲಾ? ಅಮ್ಮನ ನೀರು ಅದು." ಮಡಕೆಯನ್ನು ನನ್ನ ಕಡೆ ಸರಿಸಿ, "ಹೊರಗಿನೋರು ಹೇಳಿದ್ರೆ ಆಗ್ತಿತ್ತು," ಎಂದ.

ಅಂದು ನನಗೆ ಈ ಕೊನೆಯ ಮಾತು ಕೇಳಿಸಲೇ ಇಲ್ಲ. ಕೇಳಿಸಿತು, ಒಳಕ್ಕೆ ಹೋಗಲಿಲ್ಲ. ಅವನು ನನ್ನನ್ನು ಬಯ್ಯುತ್ತಿಲ್ಲವಲ್ಲ ಎಂಬ ಸಮಾಧಾನದಲ್ಲಿದ್ದೆ. ಕಚೇರಿಗೆ ಕಳಿಸಿದ ವರದಿಯಲ್ಲಿ, ಬಿಸಿಲಿಗೆ ನೀರು ಕಡಿಮೆಯಾಗಿ ಪ್ರಾಣವಾಯು ಸಾಲದೆ ಮೀನು ಸತ್ತವು ಎಂದು ಬರೆದೆ. ಹಿಂಡಿಯ ವಿಷಯ ಬರೆದರೆ ನೀವು ಎಲ್ಲಿದ್ದಿರಿ ಎಂದು ಕೇಳುತ್ತಾರೆ. ಮಳೆಗಾಲ ಮುಗಿಯುವುದರೊಳಗೆ ವರ್ಗವಾಯಿತು. ಕೆಲವು ವರ್ಷಗಳ ಮೇಲೆ ಒಂದು ತರಬೇತಿಯಲ್ಲಿ, ಬೇಡದ ಮೀನುಗಳನ್ನು ಕೊಂದು ಕೊಳ ಶುಚಿ ಮಾಡಲು ಇಪ್ಪೆ ಹಿಂಡಿ ಬಹಳ ಒಳ್ಳೆಯದು, ಹಾಗೆ ಸತ್ತ ಮೀನನ್ನು ತಿನ್ನಲೂಬಹುದು ಎಂದು ಪಾಠ ಮಾಡಿದರು. ಎಲ್ಲರೂ ಬರೆದುಕೊಂಡರು. ನಾನು ಪೆನ್ನು ಮುಚ್ಚಿಟ್ಟೆ.

ಮಂಚೇನಹಳ್ಳಿಯ ವಾಸನೆಯ ಮಾರನೆಯ ವಾರ ಆ ಊರಿಗೆ ಹೋದೆ. ಹನ್ನೊಂದು ವರ್ಷವಾಗಿತ್ತು. ಕುಂಟೆ ನನ್ನ ನೆನಪಿನ ಅರ್ಧದಷ್ಟಿತ್ತು. ತೋಟ ಹಸಿರಾಗಿತ್ತು. ಪಿಳ್ಳಪ್ಪ ಜಗಲಿಯಲ್ಲಿ ಕೂತು ಹುಳಕ್ಕೆ ಸೊಪ್ಪು ಹೆಚ್ಚುತ್ತಿದ್ದ. ಗುರುತು ಹಿಡಿದು ಎದ್ದು ನಿಂತು, "ಮೀನು ಸಾಮಿ!" ಎಂದ. ನಾಗಮ್ಮ ನೀರು ತಂದಿಟ್ಟು ಒಳಗೆ ಹೋದಳು. ಅದೂ ಇದೂ ಮಾತಾಡಿದೆವು. ಅಕ್ಕಯ್ಯಮ್ಮ ಹೋಗಿ ಐದು ವರ್ಷವಾಯಿತಂತೆ. ಊರು ಒಂದು ವರ್ಷ ಪೂರ್ತಿ ಮುಯ್ಯಾಳು ಕೊಟ್ಟಿತ್ತಂತೆ, ಒಂದು ದಿನವೂ ತಪ್ಪಿಸಲಿಲ್ಲ ಎಂದ. ಹೂತ ಮೀನಿನ ಮೇಲೆ ಸೊಪ್ಪು ಮೊರದಗಲ ಬಂದಿತ್ತಂತೆ. ಮತ್ತೆ ಮೀನು ಬಿಟ್ಟೆಯಾ ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದ.

ಕೊನೆಗೆ ಕೇಳಿದೆ. "ಅಕ್ಕಯ್ಯಮ್ಮ ಕುಂಟೆ ಕೇಳೋಕೆ ಬಂದಾಗ ನೀನು ಒಳಗೆ ಬಂದೆಯಲ್ಲ. ನನ್ನ ಏನಾದ್ರೂ ಕೇಳಿದೆಯಾ?"

ಅವನ ಕತ್ತಿ ನಿಲ್ಲಲಿಲ್ಲ. "ನೀವು ಜರದಾಗಿದ್ರಿ. ಜರದೋರ್ನ ಏನು ಕೇಳೋದು ಸಾಮಿ."

"ಕೇಳ್ದ," ಎಂದಳು ನಾಗಮ್ಮ ಒಳಗಿನಿಂದ. "ನಾನು ಗಂಜಿ ಹಿಡ್ಕೊಂಡು ಅಲ್ಲೇ ಇದ್ನಲ್ಲ. ಎರಡು ಸಲ ಕೇಳ್ದ."

"ಸುಮ್ನಿರೇ."

"ಯಾಕೆ ಸುಮ್ನಿರ್ಲಿ? ಇಷ್ಟು ವರ್ಷ ಸುಮ್ನೇ ಇದ್ದೀನಿ. ಹಿಂಡಿ ಹಾಕಿದ್ರೆ ಮೀನು ಸಾಯ್ತವೆ ಅಂತ ಇವನ್ಗೆ ಗೊತ್ತಿಲ್ವಾ? ಗೊತ್ತಿದ್ದೇ ಕೇಳ್ದ. ಬೇಡ ಅಂತ ನೀವು ಒಂದು ಮಾತು ಅಂದಿದ್ರೆ ಸಾಕಾಗಿತ್ತು. ಸರ್ಕಾರದೋರು ಬೇಡ ಅಂದ್ರು, ಸರ್ಕಾರದ ಮೀನು, ಅಂತ ಹೊರಗೆ ಹೇಳಿ ಬರ್ತಿದ್ದ. ಇವನ ಬಾಯಲ್ಲಿ ಬೇಡ ಅನ್ನೋದು ಬರಲ್ಲ, ಅದಕ್ಕೆ ನಿಮ್ಮ ಹತ್ರ ಬಂದ."

"ನಾನೇನಂದೆ ನಾಗಮ್ಮಾ?"

ಅವಳು ಬಾಗಿಲಿಗೆ ಬಂದಳು. "ನೀವಾ? ಮಾಡ್ಕೊಳ್ಳಿ, ಏನೂ ಆಗಲ್ಲ, ಅಂದ್ರಿ. ಯಾವಾಗ್ಲೂ ಹೇಳೋ ಹಂಗೇನೇ."

"ಅಂದಿಲ್ಲ," ಎಂದ ಪಿಳ್ಳಪ್ಪ. "ನರಳಿದ್ರು. ಅಷ್ಟೆ."

"ನಾನು ಕಿವುಡಿನಾ?"

"ಮಾತೇ ಆಡಿಲ್ಲ ಕಣೇ ಅವ್ರು."

ಇಬ್ಬರೂ ನನ್ನನ್ನು ನೋಡಿದರು, ನಾನು ಅವರ ಜಗಳ ಬಗೆಹರಿಸಬಲ್ಲವನಂತೆ. ಪಿಳ್ಳಪ್ಪನ ದನಿಯಲ್ಲಿ ಹಟವಿತ್ತು. ಅದು ನಡೆದದ್ದನ್ನು ಹೇಳುವವನ ಹಟವೇ, ಅಥವಾ ಅತಿಥಿಯ ಮರ್ಯಾದೆ ಕಾಯುವವನದೇ ಎಂದು ಅವನ ಮುಖ ಹುಡುಕಿದೆ. ಯಾರಿಗೂ ಬೇಡ ಎನ್ನಲಾಗದವನು ಸತ್ಯವನ್ನಾದರೂ ಹೇಗೆ ಹೇಳುತ್ತಾನೆ?

ಬಸ್ಸಿಗೆ ಬಿಡಲು ಅವನು ಜೊತೆಯಲ್ಲಿ ಬಂದ. ಕುಂಟೆಯ ಹತ್ತಿರ ನಿಂತು, "ಸಾಮಿ, ಮೀನು ನಿದ್ದೆ ಮಾಡ್ತವಾ ಇಲ್ವಾ, ಈಗ್ಲಾದ್ರೂ ಗೊತ್ತಾಯ್ತಾ?" ಎಂದು ನಕ್ಕ.

"ಗೊತ್ತಿಲ್ಲ ಪಿಳ್ಳಪ್ಪ," ಎಂದೆ.

ಪುಸ್ತಕದಲ್ಲಿ ಆ ನಾಲ್ಕು ದಿನ ಖಾಲಿಯಿವೆ. ಅವನು ಕೇಳಿದನೋ ಇಲ್ಲವೋ, ಕೇಳಿದ್ದರೆ ನಾನು ಏನೆಂದೆನೋ ನನಗೆ ಗೊತ್ತಿಲ್ಲ. ಜ್ವರವಿಲ್ಲದೆ, ಎಚ್ಚರದಲ್ಲಿದ್ದು, ಅವನು ಕೇಳಿದ್ದರೂ ಬೇಡ ಎನ್ನುತ್ತಿದ್ದೆನೇ ಎಂಬುದೂ ಗೊತ್ತಿಲ್ಲ.